ಆಡುವುದು ಒಂದು ಕಸುಬು, ಆಡಿಸುವುದು ಇನ್ನೊಂದು: ಡಾನ್ ಸ್ಟೇಲಿ ಕೋಚ್ ಆದ ಬಗೆ

(ಕಾಲೇಜು ದೈಹಿಕ ಶಿಕ್ಷಣ ನಿರ್ದೇಶಕರು ಮತ್ತು ತರಬೇತುದಾರರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2000ನೇ ಇಸವಿಯ ವಸಂತದಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಒಬ್ಬರು ಕೋಚ್ ಹುದ್ದೆ ಬಿಟ್ಟರು, ಇನ್ನೊಬ್ಬರು ಆ ಕೆಲಸಕ್ಕೆ ಹೊಸದಾಗಿ ಬಂದರು. ಬಿಟ್ಟವರು ಕ್ಲೈಡ್ ಡ್ರೆಕ್ಸ್‌ಲರ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ‘ಡ್ರೀಮ್ ಟೀಮ್’ಗೆ ಆಡಿದವರು, 1995ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡದೊಂದಿಗೆ ಪುರುಷರ ವೃತ್ತಿಪರ ಲೀಗ್ ಆದ ಎನ್‌ಬಿಎಯ ಕಿರೀಟ ಗೆದ್ದವರು. ಆಟದಿಂದ ನಿವೃತ್ತರಾದ ಬೆನ್ನಲ್ಲೇ, 1998ರಲ್ಲಿ, ತಾವು ವಿದ್ಯಾರ್ಥಿಯಾಗಿ ಆಡಿದ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡಕ್ಕೇ ಕೋಚ್ ಆದರು. ಎರಡು ವರ್ಷದಲ್ಲಿ 19 ಗೆಲುವು, 39 ಸೋಲು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಬಂದವರು ಡಾನ್ ಸ್ಟೇಲಿ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯ ತನ್ನ ಮಹಿಳಾ ತಂಡವನ್ನು ಅವರ ಕೈಗೆ ಕೊಟ್ಟಾಗ ಅವರಿಗೆ ಇನ್ನೂ 30 ತುಂಬಿರಲಿಲ್ಲ. ಎಲ್ಲಿಯೂ ಕೋಚ್ ಆಗಿ ದುಡಿದ ಅನುಭವವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರು ಇನ್ನೂ ಆಟ ನಿಲ್ಲಿಸಿರಲಿಲ್ಲ. ಈ ನೇಮಕ ಸರಿಹೋಗುತ್ತದೆ ಎಂದು ಆ ದಿನ ಯಾರಾದರೂ ಲೆಕ್ಕ ಹಾಕಿ ಹೇಳಿದ್ದರೆ ಆ ಲೆಕ್ಕವನ್ನು ನಂಬುವುದು ಕಷ್ಟವಿತ್ತು.

ದೊಡ್ಡ ಆಟಗಾರರು ದೊಡ್ಡ ಕೋಚ್ ಆಗುವುದು ಅಪರೂಪ ಎಂಬುದು ನಿಮಗೆಲ್ಲ ಗೊತ್ತಿರುವ ಮಾತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ 1984ರಲ್ಲಿ ಪ್ರಶಸ್ತಿ ತಂದುಕೊಟ್ಟ ಪ್ಯಾಟ್ರಿಕ್ ಯೂಯಿಂಗ್ 2017ರಲ್ಲಿ ಅದೇ ತಂಡಕ್ಕೆ ಕೋಚ್ ಆಗಿ ಮರಳಿದರು. ಎನ್‌ಬಿಎಯಲ್ಲಿ ಹಲವು ವರ್ಷ ಸಹಾಯಕ ಕೋಚ್ ಆಗಿ ಪಳಗಿದ್ದವರು. 2021ರಲ್ಲಿ ತಮ್ಮ ಲೀಗಿನ, ಅಂದರೆ ತಮ್ಮ ಕಾಲೇಜು ಗುಂಪಿನ, ಟೂರ್ನಿ ಗೆದ್ದರು, ನಿಜ. ಆದರೆ ಮರುವರ್ಷ ಲೀಗ್ ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಾಗಲಿಲ್ಲ, 2023ರಲ್ಲಿ ಅವರನ್ನು ಹುದ್ದೆಯಿಂದ ತೆಗೆದರು. ಡೆಟ್ರಾಯಿಟ್ ಪಿಸ್ಟನ್ಸ್‌ನ ಐಸೇಯಾ ಥಾಮಸ್ ಫ್ಲೋರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಇದ್ದು 26 ಪಂದ್ಯ ಗೆದ್ದರು, 65 ಸೋತರು. ಇವರೆಲ್ಲ ಆಟವನ್ನು ಅರಗಿಸಿಕೊಂಡವರು. ಆದರೂ ಹೀಗಾಯಿತು. ಹಾಗಾದರೆ ಸ್ಟೇಲಿ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು, ಅದರಲ್ಲಿ ಒಂದನ್ನು ಒಂದೂ ಪಂದ್ಯ ಸೋಲದೆ ಗೆದ್ದದ್ದು ಹೇಗೆ? ನನ್ನ ಉತ್ತರ ಇಷ್ಟೇ: ಆಡುವ ಕಸುಬು ತನಗೆ ಬರುತ್ತದೆ ಎಂದ ಮಾತ್ರಕ್ಕೆ ಆಡಿಸುವ ಕಸುಬೂ ಬರುತ್ತದೆ ಎಂದು ಅವರು ಭಾವಿಸಲಿಲ್ಲ. ಅದನ್ನು ಮೊದಲಿನಿಂದ, ಹೊಸಬರಂತೆ ಕಲಿತರು.

ಅಮೆರಿಕದ ಕಾಲೇಜು ಕ್ರೀಡೆಯ ಸ್ವರೂಪವನ್ನು ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಕಥೆಯ ತೂಕ ಗೊತ್ತಾಗುವುದಿಲ್ಲ. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿಯ ಫೈನಲ್‌ಗೆ ಆಟಗಾರರ ಗೆಳೆಯರು ಬಂದರೆ ಹೆಚ್ಚು. ಅಲ್ಲಿ ಹದಿನೆಂಟು ಸಾವಿರ ಆಸನದ ಕ್ರೀಡಾಂಗಣ ಭರ್ತಿಯಾಗುತ್ತದೆ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರಲ್ಲಿ ರಾಜ್ಯಪಾಲರಿಗಿಂತ ಹೆಚ್ಚು ಪಡೆಯುವವರು ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಮಾರ್ಚ್ ತಿಂಗಳಲ್ಲಿ 68 ತಂಡಗಳ ರಾಷ್ಟ್ರೀಯ ಟೂರ್ನಿ ನಡೆಯುತ್ತದೆ. ಒಮ್ಮೆ ಸೋತರೆ ಮನೆಗೆ. ಕೊನೆಯ ನಾಲ್ಕು ತಂಡಗಳ ಹಂತಕ್ಕೆ ‘ಫೈನಲ್ ಫೋರ್’ ಎನ್ನುತ್ತಾರೆ, ಅಲ್ಲಿಗೆ ಮುಟ್ಟುವುದೇ ಒಂದು ಬಿರುದು. ಮಹಿಳೆಯರಿಗೆ ಈ ಟೂರ್ನಿ ಬಂದದ್ದು 1982ರಲ್ಲಿ. ಅದಕ್ಕೆ ದಾರಿ ಮಾಡಿದ್ದು ಶಿಕ್ಷಣದಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿದ 1972ರ ‘ಟೈಟಲ್ ನೈನ್’ ಕಾನೂನು.

ಕಾಲೇಜು ಕೋಚ್‌ನ ಕಷ್ಟ ಬೇರೆಯೇ. ಕ್ಲಬ್ ತಂಡದಲ್ಲಿ ಒಬ್ಬ ಆಟಗಾರನನ್ನು ಹತ್ತು ವರ್ಷ ಇಟ್ಟುಕೊಳ್ಳಬಹುದು. ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೆ ಎಲ್ಲರೂ ಹೊರಟುಹೋಗುತ್ತಾರೆ. ಹದಿನೇಳರ ಹುಡುಗಿಯನ್ನು ಅವಳ ಶಾಲೆಯಲ್ಲಿ ಹುಡುಕಬೇಕು, ಅವಳ ತಂದೆತಾಯಿಯ ಎದುರು ಕುಳಿತು ‘ನಿಮ್ಮ ಮಗಳನ್ನು ನಮ್ಮಲ್ಲಿಗೆ ಕಳಿಸಿ’ ಎಂದು ಕೇಳಬೇಕು, ಬಂದ ಮೇಲೆ ಅವಳ ಪರೀಕ್ಷೆ, ಮನೆಯ ನೆನಪು, ಮೊಣಕಾಲಿನ ನೋವು ಎಲ್ಲವನ್ನೂ ನೋಡಿಕೊಳ್ಳಬೇಕು. ಅವಳು ಪಳಗಿದಳು ಎನ್ನುವಷ್ಟರಲ್ಲಿ ಪದವಿ ಪಡೆದು ಹೋಗುತ್ತಾಳೆ. ಡ್ರೆಕ್ಸ್‌ಲರ್ ಅಂಥವರಿಗೆ ಎಡವಟ್ಟಾದದ್ದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ. ಗೊತ್ತಿರುವ ಆಟವನ್ನು ಗೊತ್ತಿಲ್ಲದವರಿಗೆ ಪ್ರತಿ ವರ್ಷ ಮೊದಲಿನಿಂದ ಹೇಳಿಕೊಡುವ ತಾಳ್ಮೆ ಬೇರೆ ಜಾತಿಯದು.

ಈಗ ಸ್ಟೇಲಿಯವರ ಆಟಕ್ಕೆ ಬರುತ್ತೇನೆ. ಅವರು ಹುಟ್ಟಿದ್ದು 1970ರಲ್ಲಿ, ಉತ್ತರ ಫಿಲಡೆಲ್ಫಿಯಾದಲ್ಲಿ. ಬೆಳೆದದ್ದು ರೇಮಂಡ್ ರೋಸೆನ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ, ಐವರು ಮಕ್ಕಳಲ್ಲಿ ಕೊನೆಯವರಾಗಿ. ಆಡಿದ್ದು ಹುಡುಗರ ಜೊತೆ. ಎತ್ತರ 5 ಅಡಿ 6 ಅಂಗುಲ, ಅಂದರೆ ಈ ಸಭೆಯಲ್ಲಿರುವ ಬಹುಪಾಲು ಗಂಡಸರ ಎತ್ತರ. ಆರಡಿ ದಾಟಿದವರ ಆಟದಲ್ಲಿ ಈ ಎತ್ತರ ಇಟ್ಟುಕೊಂಡು ಬದುಕಬೇಕಾದರೆ ಇತರರಿಗಿಂತ ಅರೆಕ್ಷಣ ಮೊದಲು ಯೋಚಿಸಬೇಕು. ಅವರ ಸ್ಥಾನ ಪಾಯಿಂಟ್ ಗಾರ್ಡ್. ಚೆಂಡನ್ನು ಅಂಕಣದ ಆಚೆ ಬದಿಗೆ ತಂದು, ಯಾರು ಎಲ್ಲಿದ್ದಾರೆ, ಯಾರಿಗೆ ಯಾವ ಕೈಗೆ ಪಾಸ್ ಕೊಟ್ಟರೆ ಬುಟ್ಟಿಗೆ ಬೀಳುತ್ತದೆ ಎಂದು ನಿರ್ಧರಿಸುವ ಕೆಲಸ ಅದು. ಹಾಗೆಂದು ಪಾಯಿಂಟ್ ಗಾರ್ಡ್ ಆಗಿದ್ದರೆ ಸಾಕು, ಕೋಚಿಂಗ್ ತಾನಾಗಿ ಬರುತ್ತದೆ ಎಂದು ಹೇಳಲಾರೆ. ಐಸೇಯಾ ಥಾಮಸ್ ಕೂಡ ಪಾಯಿಂಟ್ ಗಾರ್ಡ್, ಆ ಸ್ಥಾನದ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರು.

ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡೆಬಿ ರಯಾನ್ ಅವರ ಕೈಕೆಳಗೆ ಆಡುತ್ತ ಸ್ಟೇಲಿ ಎರಡು ಬಾರಿ ದೇಶದ ಶ್ರೇಷ್ಠ ಕಾಲೇಜು ಆಟಗಾರ್ತಿ ಎನಿಸಿಕೊಂಡರು. ತಂಡವನ್ನು ಸತತ ಮೂರು ವರ್ಷ ಫೈನಲ್ ಫೋರ್‌ಗೆ ಒಯ್ದರು. ಒಂದು ಸಲವೂ ಪ್ರಶಸ್ತಿ ಸಿಗಲಿಲ್ಲ. 1991ರ ಫೈನಲ್‌ನಲ್ಲಿ ಟೆನೆಸಿ ತಂಡದ ಎದುರು ಹೆಚ್ಚುವರಿ ಸಮಯದಲ್ಲಿ 70-67ರಿಂದ ಸೋತರು. ಆ ದಿನ ಅವರು 28 ಅಂಕ ಗಳಿಸಿದ್ದರು, ಸೋತ ತಂಡದಲ್ಲಿದ್ದರೂ ಟೂರ್ನಿಯ ಶ್ರೇಷ್ಠ ಆಟಗಾರ್ತಿಯಾಗಿ ಆಯ್ಕೆಯಾದರು. ಆ ಪ್ರಶಸ್ತಿಯನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಂಭ್ರಮವನ್ನು ನೋಡುವುದು ಎಂಥದೆಂದು ಊಹಿಸಿಕೊಳ್ಳಿ.

1992ರಲ್ಲಿ ಪದವಿ ಮುಗಿದಾಗ ಅಮೆರಿಕದಲ್ಲಿ ಮಹಿಳೆಯರಿಗೆ ವೃತ್ತಿಪರ ಲೀಗ್ ಇರಲಿಲ್ಲ. ಫ್ರಾನ್ಸ್, ಇಟಲಿ, ಸ್ಪೇನ್, ಬ್ರೆಜಿಲ್ ಎಂದು ಅಲೆದರು. 1996ರಲ್ಲಿ ಎಬಿಎಲ್ ಎಂಬ ಲೀಗ್ ಶುರುವಾದಾಗ ಅದರಲ್ಲಿ ಆಡಿದರು, ಆಮೇಲೆ 1999ರಲ್ಲಿ ಮಹಿಳೆಯರ ಇನ್ನೊಂದು ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎಯ ಷಾರ್ಲಟ್ ಸ್ಟಿಂಗ್ ತಂಡ ಸೇರಿದರು. 1996, 2000, 2004ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ.

ಟೆಂಪಲ್‌ನಿಂದ ಕರೆ ಬಂದಾಗ ಅವರಿಗೆ ಕೋಚ್ ಆಗುವ ಮನಸ್ಸೇ ಇರಲಿಲ್ಲ. ಆಟ ಬಿಡುವವರು ಮಾಡುವ ಕೆಲಸ ಅದು, ತಾನಿನ್ನೂ ಆಡಬೇಕು ಎಂಬ ಭಾವನೆ. ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ಡೇವ್ ಓಬ್ರಯನ್ ಅವರ ಎದುರು ಒಂದು ಸವಾಲು ಇಟ್ಟರು: ಬಿದ್ದಿರುವ ಈ ತಂಡವನ್ನು ಎತ್ತಿ ನಿಲ್ಲಿಸಲು ನಿಮ್ಮಿಂದ ಆಗುತ್ತದೆಯೇ? ಪಾಯಿಂಟ್ ಗಾರ್ಡ್ ಸ್ವಭಾವದವರಿಗೆ ಅಷ್ಟು ಸಾಕಾಯಿತು. ಹುಟ್ಟೂರಿನ ತಂಡ ಬೇರೆ. ಒಪ್ಪಿಕೊಂಡರು, ಆದರೆ ಆಟವನ್ನೂ ಬಿಡಲಿಲ್ಲ.

ಮುಂದಿನ ಆರು ವರ್ಷಗಳ ದಿನಚರಿ ನೋಡಿ. ಬೇಸಿಗೆಯಲ್ಲಿ ಡಬ್ಲ್ಯುಎನ್‌ಬಿಎಯಲ್ಲಿ ಆಟಗಾರ್ತಿ, ಚಳಿಗಾಲದಲ್ಲಿ ಟೆಂಪಲ್‌ನಲ್ಲಿ ಕೋಚ್. 2000ದ ಸೆಪ್ಟೆಂಬರಿನಲ್ಲಿ ಸಿಡ್ನಿಯಲ್ಲಿ ಒಲಿಂಪಿಕ್ಸ್ ಆಡಿ ಬಂದು ತಮ್ಮ ಮೊದಲ ಕಾಲೇಜು ಋತುವನ್ನು ಆರಂಭಿಸಿದರು. 2001ರಲ್ಲಿ ಷಾರ್ಲಟ್ ತಂಡ ಮೊದಲ 11 ಪಂದ್ಯಗಳಲ್ಲಿ 10 ಸೋತಿತ್ತು, ಅದೇ ಋತುವಿನಲ್ಲಿ ಪುಟಿದೆದ್ದು ಲೀಗ್ ಫೈನಲ್ ತಲುಪಿತು. ಸೋಲಿನ ಸರಣಿಯೊಳಗೆ ತಂಡದ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಳಗಿದ್ದು ನೋಡಿದವರು, ಕೆಲವು ತಿಂಗಳಲ್ಲಿ ಅದೇ ಪ್ರಶ್ನೆಯನ್ನು ಬೆಂಚಿನಿಂದ ಎದುರಿಸಬೇಕಿತ್ತು. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ಅಮೆರಿಕದ ಧ್ವಜ ಹಿಡಿದು ನಡೆದ ಆಟಗಾರ್ತಿ ಆ ಹೊತ್ತಿಗೆ ಕಾಲೇಜು ತಂಡವೊಂದರ ಮುಖ್ಯ ಕೋಚ್ ಕೂಡ ಆಗಿದ್ದರು. ಇಂಥದ್ದನ್ನು ಬೇರೆ ಯಾರು ಮಾಡಿದ್ದಾರೆ!

ಇಲ್ಲಿ ಒಬ್ಬರ ಹೆಸರನ್ನು ಹೇಳಲೇಬೇಕು: ಲಿಸಾ ಬೋಯರ್. ಎಬಿಎಲ್‌ನಲ್ಲಿ ಸ್ಟೇಲಿ ಆಡುತ್ತಿದ್ದ ತಂಡಕ್ಕೆ ಬೋಯರ್ ಮುಖ್ಯ ಕೋಚ್ ಆಗಿದ್ದರು. ಕ್ಲೀವ್‌ಲ್ಯಾಂಡ್‌ನ ಎನ್‌ಬಿಎ ಪುರುಷರ ತಂಡದ ಅಭ್ಯಾಸದಲ್ಲಿಯೂ ಕೆಲಸ ಮಾಡಿದವರು. ಸ್ಟೇಲಿ ತಮಗೆ ಕಲಿಸಿದ ಇವರನ್ನೇ 2002ರಲ್ಲಿ ಟೆಂಪಲ್‌ಗೆ ಸಹಾಯಕರಾಗಿ ಕರೆದರು, ಅವರೂ ಬಂದರು. ಮುಂದೆ ದಕ್ಷಿಣ ಕ್ಯಾರೊಲಿನಾಕ್ಕೂ ಜೊತೆಗೇ ಹೋದರು. ತನಗಿಂತ ಹಿರಿಯರನ್ನು, ತನ್ನ ದೌರ್ಬಲ್ಯ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ದಶಕ ನಡೆಸುವುದಕ್ಕೆ ಧೈರ್ಯ ಬೇಕು. ಖ್ಯಾತ ಆಟಗಾರರಲ್ಲಿ ನನಗೆ ಬಹಳ ಕಡಿಮೆ ಕಂಡ ಗುಣ ಇದು. ಹೊಸ ಕೋಚ್‌ಗಳು ಸಹಾಯಕರನ್ನು ಆರಿಸುವಾಗ ಹೌದಪ್ಪಗಳನ್ನು ಹುಡುಕುವುದನ್ನು ನಾವೆಲ್ಲ ಕಂಡಿದ್ದೇವೆ.

ಟೆಂಪಲ್‌ನ ಎಂಟು ವರ್ಷದಲ್ಲಿ 172 ಗೆಲುವು, 80 ಸೋಲು, ಆರು ಬಾರಿ ರಾಷ್ಟ್ರೀಯ ಟೂರ್ನಿಗೆ ಪ್ರವೇಶ. ಕ್ಯಾಂಡಿಸ್ ಡುಪ್ರೀಯಂಥ ಆಟಗಾರ್ತಿ ಅಲ್ಲಿಂದ ಹೊರಬಂದರು. 2006ರಲ್ಲಿ ಸ್ಟೇಲಿ ಆಟಕ್ಕೆ ವಿದಾಯ ಹೇಳಿದರು.

2008ರಲ್ಲಿ ಅವರು ದಕ್ಷಿಣ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ, ಕೊಲಂಬಿಯಾ ನಗರಕ್ಕೆ ಹೋದರು. ಅವರ ತಾಯಿ ಎಸ್ಟೆಲ್ ಆ ರಾಜ್ಯದವರು. ವರ್ಣಭೇದದ ಕಾಲದಲ್ಲಿ ಲಕ್ಷಾಂತರ ಕಪ್ಪು ಜನ ದಕ್ಷಿಣ ಬಿಟ್ಟು ಉತ್ತರದ ನಗರಗಳಿಗೆ ಗುಳೆ ಹೋದರಲ್ಲ, ಹಾಗೆ ಹುಡುಗಿಯಾಗಿದ್ದಾಗಲೇ ಫಿಲಡೆಲ್ಫಿಯಾಕ್ಕೆ ಹೋದವರು. ಮಗಳು ಕೋಚ್ ಆಗಿ ಅದೇ ರಾಜ್ಯದ ರಾಜಧಾನಿಗೆ ಬಂದಾಗ ಶಾಸನಸಭೆಯ ಆವರಣದಲ್ಲಿ, ಗುಲಾಮಗಿರಿಯನ್ನು ಉಳಿಸಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಧ್ವಜ ಇನ್ನೂ ಹಾರುತ್ತಿತ್ತು. ಅದನ್ನು ಇಳಿಸಿದ್ದು 2015ರಲ್ಲಿ.

ಮೊದಲ ವರ್ಷ 10 ಗೆಲುವು, 18 ಸೋಲು. ಲೀಗಿನ 14 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು. ಎರಡನೆಯ ವರ್ಷ ದೇಶದಲ್ಲೇ ಅತಿ ಬೇಡಿಕೆಯ ಆಟಗಾರ್ತಿಯರಲ್ಲಿ ಒಬ್ಬರಾದ ಕೆಲ್ಸಿ ಬೋನ್ ಅವರನ್ನು ಒಲಿಸಿಕೊಂಡು ತಂದರು. ಆಕೆ ಒಂದೇ ವರ್ಷಕ್ಕೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋದರು. ಆ ವರ್ಷ 14 ಗೆಲುವು, 15 ಸೋಲು. ಮೂರನೆಯ ವರ್ಷ 18-15, ನಾಲ್ಕನೆಯ ವರ್ಷ 25-10. ಫಲಿತಾಂಶಕ್ಕಾಗಿ ಆರು ತಿಂಗಳೂ ಕಾಯದ ಆಡಳಿತ ಮಂಡಳಿಗಳ ಜೊತೆ ಕೆಲಸ ಮಾಡುವ ನೀವು ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದವರಿಗೂ ತಂಡ ಕಟ್ಟಲು ನಾಲ್ಕು ವರ್ಷ ಬೇಕಾಯಿತು.

ತಿರುವು ಬಂದದ್ದು ಮನೆಯ ಹತ್ತಿರದಿಂದಲೇ. ಕೊಲಂಬಿಯಾದ ಪಕ್ಕದ ಹಾಪ್ಕಿನ್ಸ್ ಎಂಬ ಊರಿನ ಏಜಾ ವಿಲ್ಸನ್ 2014ರಲ್ಲಿ ದೇಶದ ಮೊದಲ ಕ್ರಮಾಂಕದ ಶಾಲಾ ಆಟಗಾರ್ತಿ. ಇಡೀ ದೇಶದ ಕೋಚ್‌ಗಳು ಬೆನ್ನು ಹತ್ತಿದ್ದರು. ವಿಲ್ಸನ್ ತಮ್ಮ ಊರಿನ ತಂಡವನ್ನೇ ಆರಿಸಿಕೊಂಡರು. 2015ರಲ್ಲಿ ಮೊದಲ ಬಾರಿ ಫೈನಲ್ ಫೋರ್, 2017ರಲ್ಲಿ ಡಲ್ಲಾಸ್‌ನಲ್ಲಿ ಮಿಸಿಸಿಪಿ ಸ್ಟೇಟ್ ತಂಡವನ್ನು 67-55ರಿಂದ ಸೋಲಿಸಿ ಮೊದಲ ರಾಷ್ಟ್ರೀಯ ಪ್ರಶಸ್ತಿ. ವಿಲ್ಸನ್ ಮುಂದೆ ನಾಲ್ಕು ಬಾರಿ ಡಬ್ಲ್ಯುಎನ್‌ಬಿಎಯ ಅತ್ಯುತ್ತಮ ಆಟಗಾರ್ತಿಯಾದರು. 2021ರಲ್ಲಿ ವಿಶ್ವವಿದ್ಯಾಲಯದ ಕ್ರೀಡಾಂಗಣದ ಎದುರು ಅವರ ಪ್ರತಿಮೆ ಅನಾವರಣವಾದಾಗ ಅವರು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ: ಅವರ ಅಜ್ಜಿಗೆ ಬಾಲ್ಯದಲ್ಲಿ ಆ ವಿಶ್ವವಿದ್ಯಾಲಯದ ಆವರಣದೊಳಗೆ ನಡೆದುಹೋಗಲು ಅನುಮತಿ ಇರಲಿಲ್ಲ, ಸುತ್ತು ಹಾಕಿ ಹೋಗಬೇಕಿತ್ತು. ಮೊಮ್ಮಗಳು ಅಲ್ಲಿ ಕಂಚಿನ ಪ್ರತಿಮೆಯಾಗಿ ನಿಂತಿದ್ದಾಳೆ.

ಪ್ರಶಸ್ತಿ ಗೆದ್ದ ತಂಡ ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಕತ್ತರಿಯಿಂದ ಕತ್ತರಿಸಿಕೊಳ್ಳುವುದು ಅಲ್ಲಿನ ವಾಡಿಕೆ. ಕ್ಯಾರೊಲಿನ್ ಪೆಕ್ ಎಂಬ ಕೋಚ್ 1999ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಈ ಪ್ರಶಸ್ತಿ ತಂದುಕೊಟ್ಟು, ಅದನ್ನು ಗೆದ್ದ ಮೊದಲ ಕಪ್ಪು ಮಹಿಳಾ ಕೋಚ್ ಎನಿಸಿದ್ದರು. ತಮ್ಮ ಬಲೆಯ ಒಂದು ತುಂಡನ್ನು ಅವರು ಸ್ಟೇಲಿಗೆ ಕೊಟ್ಟಿದ್ದರು, ನೀನು ಗೆದ್ದ ದಿನ ಹಿಂದಿರುಗಿಸು ಎಂದು. ಸ್ಟೇಲಿ ಅದನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ತಾವು ಗೆದ್ದ ಮೇಲೆ ತಮ್ಮ ಬಲೆಯ ತುಂಡನ್ನು ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಬಂತು. ಒಬ್ಬರನ್ನು ಆರಿಸುವ ಬದಲು, 2021ರಲ್ಲಿ, ಕಾಲೇಜು ಬ್ಯಾಸ್ಕೆಟ್‌ಬಾಲಿನ ಮೊದಲ ದರ್ಜೆಯಲ್ಲಿದ್ದ ಸುಮಾರು 70 ಕಪ್ಪು ಮಹಿಳಾ ಮುಖ್ಯ ಕೋಚ್‌ಗಳಿಗೆಲ್ಲ ಒಂದೊಂದು ತುಂಡನ್ನು ಅಂಚೆಯಲ್ಲಿ ಕಳಿಸಿದರು. ಅವರಲ್ಲಿ ಹಲವರು ಲೀಗಿನಲ್ಲಿ ಸ್ಟೇಲಿಯ ನೇರ ಎದುರಾಳಿಗಳು!

ನಿಮ್ಮ ಕೆಲಸಕ್ಕೆ ಅತಿ ಹತ್ತಿರವಾದದ್ದು 2021ರಿಂದ 2024ರವರೆಗಿನ ನಾಲ್ಕು ವರ್ಷ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅದಕ್ಕೂ ಮುಂಚೆ 2020ರಲ್ಲಿ ತಂಡ 32 ಗೆದ್ದು ಒಂದೇ ಒಂದು ಸೋತು ಮೊದಲ ಕ್ರಮಾಂಕದಲ್ಲಿದ್ದಾಗ ಕೋವಿಡ್‌ನಿಂದ ಟೂರ್ನಿಯೇ ರದ್ದಾಯಿತು. 2021ರ ಸೆಮಿಫೈನಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಎದುರು ಒಂದು ಅಂಕದ ಹಿನ್ನಡೆ, ಕೊನೆಯ ಕ್ಷಣಗಳು. ಚೆಂಡು ಬುಟ್ಟಿಯ ಹತ್ತಿರ ಅಲಿಯಾ ಬೋಸ್ಟನ್ ಕೈಗೆ ಬಂತು. ಹಾಕಿದರು, ಬೀಳಲಿಲ್ಲ. 66-65. ಬೋಸ್ಟನ್ ಅಂಕಣದಲ್ಲಿ ಬಿಕ್ಕಿ ಬಿಕ್ಕಿ ಅತ್ತರು, ಟೀವಿಯವರು ಆ ದೃಶ್ಯವನ್ನು ತಿಂಗಳುಗಟ್ಟಲೆ ತೋರಿಸಿದರು. ಸ್ಟೇಲಿ ಮರುವರ್ಷ ಆಟದ ಯೋಜನೆಯನ್ನು ಅದೇ ಹುಡುಗಿಯ ಸುತ್ತ ಕಟ್ಟಿದರು. 2022ರ ಫೈನಲ್‌ನಲ್ಲಿ ಎದುರಾಳಿ ಕನೆಕ್ಟಿಕಟ್. ಅದುವರೆಗೆ 11 ಬಾರಿ ಫೈನಲ್ ತಲುಪಿ 11 ಬಾರಿಯೂ ಗೆದ್ದ ತಂಡ. ದಕ್ಷಿಣ ಕ್ಯಾರೊಲಿನಾ 64-49ರಿಂದ ಗೆದ್ದಿತು. ಬೋಸ್ಟನ್ 16 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ಹಿಡಿದು ಟೂರ್ನಿಯ ಶ್ರೇಷ್ಠ ಆಟಗಾರ್ತಿಯಾದರು.

2023ರಲ್ಲಿ 36 ಪಂದ್ಯ ಸತತ ಗೆದ್ದು ಸೆಮಿಫೈನಲ್‌ಗೆ ಬಂದವರು ಅಯೋವಾ ಎದುರು 77-73ರಿಂದ ಸೋತರು. ಅಯೋವಾದ ಕೇಟ್ಲಿನ್ ಕ್ಲಾರ್ಕ್ ಒಬ್ಬರೇ 41 ಅಂಕ ಹೊಡೆದರು. ಆ ಪಂದ್ಯದಲ್ಲಿ ಒಂದು ಕ್ಷಣವಿದೆ. ದಕ್ಷಿಣ ಕ್ಯಾರೊಲಿನಾದ ರೇವನ್ ಜಾನ್ಸನ್ ತ್ರೀ ಪಾಯಿಂಟ್ ಗೆರೆಯ ಹೊರಗೆ, ಅಂದರೆ ಅಲ್ಲಿಂದ ಬುಟ್ಟಿಗೆ ಹಾಕಿದರೆ ಮೂರು ಅಂಕ ಸಿಗುವಷ್ಟು ದೂರದಲ್ಲಿ, ಚೆಂಡು ಹಿಡಿದು ನಿಂತಿದ್ದಾರೆ. ಕಾಯಬೇಕಾದ ಕ್ಲಾರ್ಕ್ ಹತ್ತಿರವೂ ಹೋಗದೆ, ‘ಹೊಡೆದುಕೋ ಹೋಗು’ ಎನ್ನುವಂತೆ ಕೈ ಬೀಸಿಬಿಟ್ಟರು. ಜಾನ್ಸನ್ ಚೆಂಡು ಹಾಕಲಿಲ್ಲ. ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಆಟ ಬಿಟ್ಟುಬಿಡೋಣ ಎನ್ನುವಷ್ಟು ನೊಂದಿದ್ದೆ ಎಂದು ಜಾನ್ಸನ್ ಆಮೇಲೆ ಹೇಳಿಕೊಂಡರು.

ಮುಂದಿನ ಋತುವಿಗೆ ಸ್ಟೇಲಿಯ ಆರಂಭಿಕ ಐವರೂ ಪದವಿ ಪಡೆದು ಹೋಗಿದ್ದರು. ಬೋಸ್ಟನ್ ಡಬ್ಲ್ಯುಎನ್‌ಬಿಎಗೆ ಮೊದಲ ಆಯ್ಕೆಯಾಗಿ ಹೋದರು. ಉಳಿದದ್ದು ಬೆಂಚಿನಲ್ಲಿ ಕುಳಿತಿದ್ದವರು ಮತ್ತು ಹೊಸ ಹುಡುಗಿಯರು. ಜಾನ್ಸನ್ ಈಗ ಮುಖ್ಯ ಪಾಯಿಂಟ್ ಗಾರ್ಡ್. ಈ ತಂಡ 2024ರಲ್ಲಿ ಒಂದನ್ನೂ ಸೋಲಲಿಲ್ಲ. ಒಮ್ಮೆ ಮಾತ್ರ, ಲೀಗ್ ಟೂರ್ನಿಯ ಸೆಮಿಫೈನಲ್‌ನಲ್ಲಿ, ಸೋಲು ಬಾಗಿಲಿಗೆ ಬಂದಿತ್ತು. ಟೆನೆಸಿ ಎರಡು ಅಂಕ ಮುಂದಿತ್ತು. ಆರಡಿ ಏಳಂಗುಲದ ಕಮಿಲಾ ಕಾರ್ಡೋಸೊ, ಬುಟ್ಟಿಯ ಕೆಳಗೇ ಆಡುವವರು, ಪಂದ್ಯ ಮುಗಿಯುವ ಗಂಟೆ ಬಾರಿಸುವ ಹೊತ್ತಿಗೇ ತ್ರೀ ಪಾಯಿಂಟರ್ ಹಾಕಿ 74-73 ಮಾಡಿದರು. ಮರುದಿನದ ಫೈನಲ್‌ನಲ್ಲಿ ಅದೇ ಕಾರ್ಡೋಸೊ ಎದುರಾಳಿ ಆಟಗಾರ್ತಿಯನ್ನು ತಳ್ಳಿ ಹೊರಹಾಕಿಸಿಕೊಂಡರು. ಪಂದ್ಯ ಗೆದ್ದ ಸ್ಟೇಲಿ ಅಂಕಣದಲ್ಲಿಯೇ, ಮೈಕಿನ ಮುಂದೆ, ತಮ್ಮ ಆಟಗಾರ್ತಿಯರ ವರ್ತನೆಗೆ ಕ್ಷಮೆ ಕೇಳಿದರು. ಕಪ್ ಗೆದ್ದ ಹೊತ್ತಿನಲ್ಲಿ ಹಾಗೆ ಮಾಡುವುದು ಸುಲಭವಲ್ಲ.

ಕ್ಲೀವ್‌ಲ್ಯಾಂಡ್‌ನ ಫೈನಲ್‌ನಲ್ಲಿ ಎದುರಾಳಿ ಮತ್ತೆ ಅಯೋವಾ. ಆರಂಭದಲ್ಲೇ 10-0 ಹಿನ್ನಡೆ. ಕ್ಲಾರ್ಕ್ ಮೊದಲ ಕ್ವಾರ್ಟರ್‌ನಲ್ಲಿ 18 ಅಂಕ ಹೊಡೆದರು. ಸ್ಟೇಲಿ ಗಾಬರಿಯಾಗಲಿಲ್ಲ, ಬೆಂಚಿನಿಂದ ಒಬ್ಬೊಬ್ಬರನ್ನೇ ಇಳಿಸಿದರು. ಕ್ಲಾರ್ಕ್ ಅವರನ್ನು ಕಾಯುವ ಹೊಣೆಯಲ್ಲಿ ದೊಡ್ಡ ಪಾಲು ಜಾನ್ಸನ್ ಅವರದು. ಮಧ್ಯಂತರಕ್ಕೆ ಸ್ವಲ್ಪ ಮುಂಚೆ, ಅಂಕಣದ ಮಧ್ಯಭಾಗದಲ್ಲಿ, ಜಾನ್ಸನ್ ಕ್ಲಾರ್ಕ್ ಕೈಯಿಂದಲೇ ಚೆಂಡು ಕಸಿದು ಓಡಿ ಬುಟ್ಟಿಗೆ ಹಾಕಿದರು. ಪಂದ್ಯ 87-75ಕ್ಕೆ ಮುಗಿಯಿತು. ಬದಲಿ ಆಟಗಾರ್ತಿಯರ ಅಂಕಗಳನ್ನು ಮಾತ್ರ ಎಣಿಸಿದರೆ ದಕ್ಷಿಣ ಕ್ಯಾರೊಲಿನಾ 37, ಅಯೋವಾ ಸೊನ್ನೆ. ಈ ಒಂದು ಅಂಕಿಯಲ್ಲಿ ಸ್ಟೇಲಿಯ ಕೋಚಿಂಗ್ ಇದೆ ಎಂದು ನಾನು ನಂಬುತ್ತೇನೆ. ಹತ್ತನೆಯವಳೂ ಮೊದಲನೆಯವಳಷ್ಟೇ ಸಿದ್ಧಳಾಗಿರಬೇಕು ಎಂದು ಅವರು ವರ್ಷವಿಡೀ ಮಾಡಿದ ಕೆಲಸ ಅದು. ಟ್ರೋಫಿ ಕೈಗೆ ಬಂದ ಮೇಲೆ ಅವರು ಮೈಕಿನಲ್ಲಿ ಕ್ಲಾರ್ಕ್ ಅವರಿಗೆ ಧನ್ಯವಾದ ಹೇಳಿದರು, ನಮ್ಮ ಆಟವನ್ನು ಎತ್ತರಕ್ಕೆ ಒಯ್ದಿದ್ದಕ್ಕಾಗಿ. ಆ ಪಂದ್ಯವನ್ನು ಅಮೆರಿಕದಲ್ಲಿ 1.8 ಕೋಟಿಗೂ ಹೆಚ್ಚು ಜನ ಟೀವಿಯಲ್ಲಿ ನೋಡಿದರು. ಪುರುಷರ ಫೈನಲ್ ನೋಡಿದವರಿಗಿಂತ ಇದು ಹೆಚ್ಚು.

ಸಂಬಳದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಮಾತಾಡಬೇಕು, ಏಕೆಂದರೆ ಸ್ಟೇಲಿ ಹಾಗೆಯೇ ಮಾತಾಡಿದ್ದಾರೆ. ಮಹಿಳಾ ತಂಡದ ಕೋಚ್‌ಗೆ ಪುರುಷರ ತಂಡದ ಕೋಚ್‌ಗಿಂತ ಕಡಿಮೆ ಏಕೆ ಎಂದು ಕೇಳಿ, 2021ರಲ್ಲಿ ಏಳು ವರ್ಷಕ್ಕೆ 2.24 ಕೋಟಿ ಡಾಲರ್‌ನ ಒಪ್ಪಂದ ಪಡೆದರು. 2025ರಲ್ಲಿ ಅದು ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್‌ಗೆ ಏರಿತು, ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಆಗ ಎಲ್ಲರಿಗಿಂತ ಹೆಚ್ಚು. ಅದೇ ವರ್ಷ, ಸತತ ಐದನೆಯ ಫೈನಲ್ ಫೋರ್‌ನಲ್ಲಿ, ಕನೆಕ್ಟಿಕಟ್ ಎದುರಿನ ಫೈನಲ್ ಅನ್ನು 82-59ರಿಂದ ಸೋತರು.

ಸಭೆಯ ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ: ಇಷ್ಟೆಲ್ಲ ಗೆದ್ದವರನ್ನು ಪುರುಷರ ತಂಡಕ್ಕೆ ಯಾರೂ ಕರೆಯಲಿಲ್ಲವೇ? ಕರೆದರು. 2025ರಲ್ಲಿ ಎನ್‌ಬಿಎಯ ನ್ಯೂಯಾರ್ಕ್ ನಿಕ್ಸ್ ತಂಡ ಮುಖ್ಯ ಕೋಚ್ ಹುದ್ದೆಗೆ ಅವರನ್ನು ಸಂದರ್ಶಿಸಿತು. ಕೊಟ್ಟಿದ್ದರೆ ಒಪ್ಪಿಕೊಳ್ಳುತ್ತಿದ್ದೆ ಎಂದು ಸ್ಟೇಲಿ ಹೇಳಿದ್ದಾರೆ. ಸಂದರ್ಶನದಲ್ಲಿ ಅವರೂ ಒಂದು ಪ್ರಶ್ನೆ ಕೇಳಿದರಂತೆ: ಎನ್‌ಬಿಎಯ ಮೊದಲ ಮಹಿಳಾ ಮುಖ್ಯ ಕೋಚ್ ಆಗಿ ನನ್ನನ್ನು ನೇಮಿಸಿದರೆ ನಿಮ್ಮ ದಿನದಿನದ ಕೆಲಸ ಹೇಗೆ ಬದಲಾಗುತ್ತದೆ, ಅದಕ್ಕೆ ನೀವು ತಯಾರಿದ್ದೀರಾ? ಆ ಪ್ರಶ್ನೆ ಕೇಳಿದ್ದೇ ತನಗೆ ಮುಳುವಾಯಿತೇನೋ ಎಂದು ಅವರಿಗೆ ಆಮೇಲೆ ಅನಿಸಿತು. ಹುದ್ದೆ ಮೈಕ್ ಬ್ರೌನ್ ಅವರಿಗೆ ಹೋಯಿತು. ನನ್ನ ಮಟ್ಟಿಗೆ ಅದು ಸರಿಯಾದ ಪ್ರಶ್ನೆ. ತಂಡ ನಾಲ್ಕು ಪಂದ್ಯ ಸೋತಾಗ ಪತ್ರಿಕೆಗಳು ಏನು ಬರೆಯುತ್ತವೆ, ಒತ್ತಡ ಎಲ್ಲಿಂದ ಬರುತ್ತದೆ, ಆಗ ಮೇಲಿನವರು ಬೆನ್ನಿಗೆ ನಿಲ್ಲುತ್ತಾರೋ ಇಲ್ಲವೋ ಎಂದು ಕೆಲಸಕ್ಕೆ ಸೇರುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಕೋಚ್ ಆದವರು ಮಾಡಲೇಬೇಕಾದ ಕೆಲಸ. ನಿಮ್ಮಲ್ಲಿ ಹೊಸದಾಗಿ ಹುದ್ದೆಗೆ ಹೋಗುವವರು ನಿಮ್ಮ ಪ್ರಾಂಶುಪಾಲರನ್ನು ಇದನ್ನೇ ಕೇಳಿ.